ಕಂಪನಿ ಇಲ್ಲದೆ ಚನ್ನಪಟ್ಟಣದ ಗೊಂಬೆ ಜರ್ಮನಿಗೆ ತರಿಸಿ ಮಾರಬಹುದಾ?

ನೆಕ್ಕಾರ್ ದಂಡೆ:

ಎಲ್ಲರಿಗೂ ನಮಸ್ಕಾರ. ನಾನು 4 ವರ್ಷದಿಂದ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ನಮ್ಮ ಯಜಮಾನರು ಬ್ಲೂ ಕಾರ್ಡ್ (ಓದಿದ ಹೊರದೇಶದವರಿಗೆ ಕೆಲಸಕ್ಕೆ ಕೊಡುವ ಪರವಾನಗಿ) ಮೇಲೆ ಕೆಲಸ ಮಾಡುತ್ತಾರೆ, ನಾನು ಕುಟುಂಬದ ವೀಸಾದಲ್ಲಿ ಬಂದವಳು. ತವರು ಚನ್ನಪಟ್ಟಣ. ನನ್ನ ಸೋದರಮಾವ ಗೊಂಬೆ ಕೆಲಸದವರು. ಮನೆ ಮುಂದಿನ ಶೆಡ್‌ನಲ್ಲಿ ಒಂದೇ ಲೇತ್. ಮಾವ ಕಡೆಯುತ್ತಾರೆ, ಅತ್ತೆ ಜೋಡಿಸುತ್ತಾರೆ. ಅಷ್ಟೇ ಅವರ ಕಾರ್ಖಾನೆ.

ಹೋದ ಸಲ ಊರಿಗೆ ಹೋದಾಗ ಒಂದು ಬೆಳಗ್ಗೆ ಪೂರ್ತಿ ಅಲ್ಲೇ ಕೂತು ನೋಡಿದೆ. ಆಲೆ ಮರದ ತುಂಡು ಲೇತ್‌ನಲ್ಲಿ ತಿರುಗುತ್ತಿರುತ್ತದೆ. ಉಳಿ ತಾಗಿಸಿದರೆ ಬಿಳಿ ಸಿಪ್ಪೆ ಸುರುಳಿ ಸುರುಳಿಯಾಗಿ ಮಾವನ ಮಡಿಲಿಗೆ ಬೀಳುತ್ತದೆ. ಆಕಾರ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬ್ರಷ್ ಇಲ್ಲ, ಒಣಗಿಸುವುದಿಲ್ಲ. ಕೊನೆಗೆ ತಾಳೆಗರಿ ಮಡಚಿ ಒತ್ತಿದರೆ ಕನ್ನಡಿ ಹಾಗೆ ಹೊಳಪು.

ಬರುವಾಗ 12 ಗಿಲಕಿ ಸೂಟ್‌ಕೇಸ್‌ನಲ್ಲಿ ತಂದೆ. ಮಗಳ ಕಿಂಡರ್‌ಗಾರ್ಟನ್‌ನ ತಾಯಂದಿರಿಗೆ ಕೊಟ್ಟೆ. ಈಗ ಎಲ್ಲರೂ ದುಡ್ಡು ಕೊಟ್ಟು ಕೊಳ್ಳುತ್ತೇವೆ, ತರಿಸಿ ಅಂತಿದ್ದಾರೆ. ಮಾವನಿಗೆ ಅಲ್ಲಿ ಕಂಪನಿ ಇಲ್ಲ, ನನಗೆ ಇಲ್ಲಿ ಕಂಪನಿ ಇಲ್ಲ. ಗುರುತಿನವರೊಬ್ಬರು, ‘ಸುಮ್ನೆ ಗಿಫ್ಟ್ ಅಂತ ಬರೆಸಿ ಪೋಸ್ಟ್ ಮಾಡಿಸು, ಯಾರೂ ಕೇಳಲ್ಲ’ ಅಂದರು. ನನಗೆ ಯಾಕೋ ಸರಿ ಅನ್ನಿಸಲಿಲ್ಲ. ದಾರಿ ಗೊತ್ತಿರುವವರು ಹೇಳಿ.

ಮೈಸೂರು ರೋಡ್:

ನಿಮಗೆ ಸರಿ ಅನ್ನಿಸದೆ ಇದ್ದದ್ದೇ ಒಳ್ಳೆಯದಾಯಿತು ತಂಗಿ. ನಾನೂ ಚಿಕ್ಕದಾಗಿ ಇದೇ ಮಾಲು ಹೊರದೇಶಕ್ಕೆ ಕಳಿಸುವವನು. ಶುರುವಿನಲ್ಲಿ ಒಬ್ಬರ ಮಾತು ಕೇಳಿ ಗಿಫ್ಟ್ ಅಂತ ಕಳಿಸಿದೆ. ಒಂದೇ ಥರದ 40 ಬಳೆ, ಒಂದೇ ಥರದ 30 ಬುಗುರಿ. ಡಬ್ಬಿ ಬಿಚ್ಚಿದ ಕಸ್ಟಮ್ಸ್‌ನವರಿಗೆ ಕಣ್ಣಿಗೆ ಕಾಣುವುದಿಲ್ಲವಾ? ಒಬ್ಬರಿಗೆ 30 ಬುಗುರಿ ಯಾರು ಉಡುಗೊರೆ ಕೊಡುತ್ತಾರೆ? ಕೊಂಡವರ ಹತ್ತಿರ ದುಡ್ಡು ಕೊಟ್ಟ ರಸೀತಿ ಕೇಳಿದರು. ಆರು ವಾರ ಅಲ್ಲೇ ಬಿದ್ದಿದ್ದು ವಾಪಸ್ ಬಂತು. ಹೋಗುವ ಖರ್ಚು ನನ್ನದು, ಬರುವ ಖರ್ಚೂ ನನ್ನದು. ಕೊಂಡವರು ಮತ್ತೆ ನನ್ನ ಹತ್ತಿರ ಬರಲಿಲ್ಲ.

ಯುರೋಪಿಗೆ ಗಿಫ್ಟ್ ಅಂದರೆ ಅದಕ್ಕೆ ಅರ್ಥ ಇದೆ. ಒಬ್ಬ ಮನುಷ್ಯ ಇನ್ನೊಬ್ಬರಿಗೆ, ದುಡ್ಡು ತಗೊಳ್ಳದೆ, ಯಾವಾಗಲೋ ಒಮ್ಮೆ ಕಳಿಸುವುದು. 45 ಯೂರೋ ತನಕ ತೆರಿಗೆ ಇಲ್ಲ. ಮಾರುವ ಮಾಲಿಗೆ ಅದು ಅನ್ವಯಿಸುವುದೇ ಇಲ್ಲ. ಒಂದು ಯೂರೋ ಮಾಲಾದರೂ ಅಷ್ಟೇ.

ಲೆಕ್ಕದ ಪುಸ್ತಕ:

ನಾನು ತೆರಿಗೆ ಲೆಕ್ಕದ ಕೆಲಸ ಮಾಡುತ್ತೇನೆ. ಇಲ್ಲಿ ಎಲ್ಲರೂ ತಪ್ಪು ತಿಳಿಯುವ ಒಂದು ವಿಷಯ ಮೊದಲು ಹೇಳಿಬಿಡುತ್ತೇನೆ. ಭಾರತದಿಂದ ರಫ್ತು ಮಾಡಲು ಕಂಪನಿ ಬೇಕಾಗಿಲ್ಲ. ನಿಮ್ಮ ಮಾವ ತಮ್ಮ ಹೆಸರಲ್ಲೇ, ಒಬ್ಬರೇ ಮಾಲೀಕರಾಗಿ ರಫ್ತು ಮಾಡಬಹುದು. ಬೇಕಾಗಿರುವುದು ಐಇಸಿ, ಅಂದರೆ ಆಮದು ರಫ್ತು ಸಂಖ್ಯೆ. ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಕಚೇರಿ ಡಿಜಿಎಫ್‌ಟಿ ಕೊಡುತ್ತದೆ. ಆನ್‌ಲೈನ್ ಅರ್ಜಿ, ಶುಲ್ಕ 500 ರೂಪಾಯಿ. ಪ್ಯಾನ್, ವಿಳಾಸದ ದಾಖಲೆ, ಬ್ಯಾಂಕ್ ಖಾತೆ ಇದ್ದರೆ ಸಾಕು, ಆಧಾರ್ ಒಟಿಪಿಯಿಂದಲೇ ಸಹಿ ಆಗುತ್ತದೆ. ಸಿಗುವ ನಂಬರ್ ಕೂಡ ಹೊಸದಲ್ಲ, ಪ್ಯಾನ್ ನಂಬರೇ ಐಇಸಿ ನಂಬರ್. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಪೋರ್ಟಲ್‌ಗೆ ಹೋಗಿ ವಿವರ ಸರಿ ಇದೆ ಅಂತ ಖಾತ್ರಿ ಮಾಡಬೇಕು. ಅದಕ್ಕೆ ಶುಲ್ಕ ಇಲ್ಲ. ಮರೆತರೆ ನಂಬರ್ ನಿಂತುಹೋಗುತ್ತದೆ. ನನ್ನ ಹತ್ತಿರ ಬರುವ ಅರ್ಧ ಜನ ಇದನ್ನೇ ಮರೆತು, ಪಾರ್ಸೆಲ್ ಅಂಚೆ ಕಚೇರಿಯಲ್ಲಿಟ್ಟುಕೊಂಡು ಫೋನ್ ಮಾಡುತ್ತಾರೆ.

ಇನ್ನು ಜಿಎಸ್‌ಟಿ. ರಫ್ತನ್ನು ಕಾನೂನು ಅಂತರರಾಜ್ಯ ಮಾರಾಟದ ಸಾಲಿಗೆ ಸೇರಿಸುತ್ತದೆ. ಹಾಗಾಗಿ ಊರಲ್ಲಿ ಮಾರುವವರಿಗಿರುವ ಮಿತಿ ನೋಡಿಕೊಂಡು ಸುಮ್ಮನಿರುವ ಹಾಗಿಲ್ಲ. ಕೈಕಸುಬಿನವರಿಗೆ ಅಂತರರಾಜ್ಯ ಮಾರಾಟದಲ್ಲಿ ಒಂದು ವಿನಾಯಿತಿ ಇದೆ. ಆದರೆ ಅದನ್ನೇ ನಂಬಿ ಪದೇಪದೇ ರಫ್ತು ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನೋಂದಣಿ ಮಾಡಿಸಿ, ವರ್ಷಕ್ಕೊಮ್ಮೆ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಕೊಟ್ಟರೆ ರಫ್ತಿನ ಮೇಲೆ ತೆರಿಗೆ ಕಟ್ಟಬೇಕಾಗಿಲ್ಲ. ಅರಗು, ಮರ, ಡಬ್ಬಿ ಕೊಂಡಾಗ ಕೊಟ್ಟ ತೆರಿಗೆಯನ್ನೂ ವಾಪಸ್ ಕೇಳಬಹುದು. ಜಿಎಸ್‌ಟಿ ರಿಟರ್ನ್ ಕೆಲಸ ತಲೆನೋವು ನಿಜ. ಅತ್ತೆಯೋ ಮಕ್ಕಳೋ ಫೋನ್‌ನಲ್ಲಿ ಮಾಡುವುದನ್ನು ಕಲಿತರೆ ಆಗದ ಕೆಲಸವೇನಲ್ಲ.

ಒಂದು ಪ್ರಶ್ನೆ. ಮಾವನಿಗೆ ದುಡ್ಡು ಹೇಗೆ ಕಳಿಸುತ್ತೀರಿ?

ನೆಕ್ಕಾರ್ ದಂಡೆ:

ಅಮ್ಮನ ಖಾತೆಗೆ ತಿಂಗಳಿಗೊಮ್ಮೆ ಹೇಗೂ ಕಳಿಸುತ್ತೇನೆ. ಅದರ ಜೊತೆಗೇ ಹಾಕಿ, ಅಮ್ಮ ಮಾವನಿಗೆ ಕೊಟ್ಟರಾಯಿತು ಅಂದುಕೊಂಡಿದ್ದೆ.

ಲೆಕ್ಕದ ಪುಸ್ತಕ:

ಬೇಡ. ಹೊರಗಿಂದ ಬರುವ ದುಡ್ಡಿಗೆ ಬ್ಯಾಂಕ್ ಒಂದು ಕಾರಣದ ಸಂಕೇತ ಹಾಕುತ್ತದೆ. ಅಮ್ಮನಿಗೆ ನೀವು ಕಳಿಸುವುದು ಪಿ1301, ಕುಟುಂಬದ ಖರ್ಚಿಗೆ ಅಂತ. ಮಾಲಿಗೆ ಮುಂಗಡವಾಗಿ ಬರುವ ದುಡ್ಡು ಪಿ0103. ಎರಡನ್ನೂ ಕಲಸಿದರೆ, ಮಾವ ಮಾಲು ಕಳಿಸಿದ್ದಕ್ಕೆ ದುಡ್ಡು ಬಂದಿಲ್ಲ ಅಂತ ದಾಖಲೆಯಲ್ಲಿ ಹಾಗೇ ಉಳಿಯುತ್ತದೆ. ಬ್ಯಾಂಕ್‌ನವರು ಅದನ್ನು ಕೇಳಿಯೇ ಕೇಳುತ್ತಾರೆ. ದುಡ್ಡು ನೇರವಾಗಿ ಮಾವನ ಖಾತೆಗೆ ಬರಲಿ, ಬಿಲ್ಲಿನ ನಂಬರ್ ಜೊತೆಗೆ. ಇನ್ನೊಂದು ಲಾಭವೂ ಇದೆ. ನಾಳೆ ಮಾವ ಹೊಸ ಲೇತ್‌ಗೆ ಸಾಲ ಕೇಳಲು ಹೋದರೆ ತೋರಿಸಲು ಅವರ ಹೆಸರಲ್ಲಿ ವಹಿವಾಟು ಇರುತ್ತದೆ.

ಮ್ಯೂನಿಕ್ ಅಕ್ಕ:

ನಾನು ಇಲ್ಲಿ ಇಳಕಲ್ ಬಟ್ಟೆಯ ಚೀಲ ಮಾರುತ್ತೇನೆ, ಜಾಸ್ತಿ ಕ್ರಿಸ್‌ಮಸ್ ಸಂತೆಗಳಲ್ಲಿ. ಜರ್ಮನಿ ಕಡೆಯದು ನಾನು ಹೇಳುತ್ತೇನೆ.

ಮೊದಲು ನಿಮ್ಮ ವಾಸದ ಕಾರ್ಡ್ ಓದಿ ನೋಡಿ. ‘ಎರ್ವೆರ್ಬ್ಸ್‌ಟೇಟಿಗ್‌ಕೈಟ್ ಎರ್ಲಾಬ್ಟ್’ ಅಂತ ಇದ್ದರೆ ಸಂಬಳದ ಕೆಲಸಕ್ಕೂ ಸ್ವಂತ ವ್ಯಾಪಾರಕ್ಕೂ ಒಪ್ಪಿಗೆ ಇದೆ ಅಂತ ಅರ್ಥ. ಕುಟುಂಬದ ವೀಸಾದವರಿಗೆ ಸಾಮಾನ್ಯವಾಗಿ ಹಾಗೇ ಇರುತ್ತದೆ. ಬ್ಲೂ ಕಾರ್ಡ್ ಇರುವ ಯಜಮಾನರ ಹೆಸರಲ್ಲಿ ಮಾತ್ರ ಮಾಡಲು ಹೋಗಬೇಡಿ, ಅವರು ಬೇರೆ ಅನುಮತಿ ಕೇಳಬೇಕಾಗುತ್ತದೆ.

ಇಲ್ಲೂ ಕಂಪನಿ ಬೇಡ. ಆದರೆ ಮಾರಲೆಂದು ತರಿಸಿ ಮಾರಿದರೆ, ಎಷ್ಟೇ ಚಿಕ್ಕದಾದರೂ ಅದು ವ್ಯಾಪಾರವೇ. ಊರಿನ ಗೆವೆರ್ಬೆ, ಅಂದರೆ ಸ್ವಂತ ವ್ಯಾಪಾರದ ನೋಂದಣಿ ಕಚೇರಿಯಲ್ಲಿ ಒಂದು ಫಾರ್ಮ್ ತುಂಬಿ ನಿಮ್ಮ ಹೆಸರಲ್ಲೇ ನೋಂದಾಯಿಸಬೇಕು. ನನಗೆ ಅರ್ಧ ಗಂಟೆ ಹಿಡಿಯಿತು. ಆಮೇಲೆ ತೆರಿಗೆ ಕಚೇರಿಯ ಪ್ರಶ್ನಾವಳಿ. ಅದರಲ್ಲಿ ಸಣ್ಣ ವ್ಯಾಪಾರಿ ಅನ್ನುವುದನ್ನು ಆರಿಸಿಕೊಳ್ಳಬಹುದು. 2025ರಿಂದ ಹಿಂದಿನ ವರ್ಷದ ವಹಿವಾಟು 25,000 ಯೂರೋ ಮೀರದಿದ್ದರೆ ಗಿರಾಕಿಗಳಿಂದ ವ್ಯಾಟ್ ವಸೂಲಿ ಮಾಡಬೇಕಾಗಿಲ್ಲ. ಆದರೆ ಮಾಲು ಒಳಗೆ ಬರುವಾಗ ಕಟ್ಟುವ 19 ಶೇಕಡಾ ವ್ಯಾಟ್ ವಾಪಸ್ ಸಿಗುವುದಿಲ್ಲ. ಬೆಲೆ ಕಟ್ಟುವಾಗ ಅದನ್ನು ಸೇರಿಸಿಕೊಳ್ಳಿ. ನಾನು ಮೊದಲ ವರ್ಷ ಸೇರಿಸಿಕೊಳ್ಳದೆ ಲಾಭವೆಲ್ಲ ಅದಕ್ಕೇ ಹೋಯಿತು.

ಕಸ್ಟಮ್ಸ್‌ಗೆ ಇಒಆರ್‌ಐ ನಂಬರ್ ಬೇಕು, ಉಚಿತ. ಗಿರಾಕಿಗೆ ಡಬ್ಬಿಯಲ್ಲಿ ಹಾಕಿ ಕೊಡುವುದಾದರೆ ಲೂಸಿಡ್ ಅನ್ನುವ ಪ್ಯಾಕಿಂಗ್ ನೋಂದಣಿಯೂ ಆಗಬೇಕು. ರಟ್ಟಿನ ಡಬ್ಬಿಗೂ ಲೆಕ್ಕ ಕೊಡಬೇಕು ಇಲ್ಲಿ.

ಆದರೆ ತಂಗಿ, ಇದ್ಯಾವುದೂ ನಿಮ್ಮ ನಿಜವಾದ ಕಷ್ಟ ಅಲ್ಲ. ಗಿಲಕಿ ಅಂದರೆ ಆಟದ ಸಾಮಾನು. ಅದೂ ಕೂಸು ಬಾಯಿಗೆ ಹಾಕುವುದು. ಯುರೋಪಿನ ಸುರಕ್ಷತೆಯ ನಿಯಮಕ್ಕೆ ಸರಿ ಇದೆ ಅನ್ನುವ ಸಿಇ ಗುರುತು ಇಲ್ಲದೆ ಅದನ್ನು ಇಲ್ಲಿ ಮಾರುವ ಹಾಗೇ ಇಲ್ಲ.

ನೆಕ್ಕಾರ್ ದಂಡೆ:

ಅಕ್ಕ, ಮಾವ ಅರಿಶಿನದಂಥ ಗಿಡಮೂಲದ ಬಣ್ಣ ಹಾಕುತ್ತಾರೆ. ತಲೆತಲಾಂತರದಿಂದ ಮಕ್ಕಳು ಕಚ್ಚುತ್ತಾ ಬಂದಿರುವ ಗೊಂಬೆ. 2006ರ ಸುಮಾರಿಗೇ ಜಿಐ ಮಾನ್ಯತೆ ಬಂದಿದೆ. ಅದು ಸಾಲದಾ?

ಮೈಸೂರು ರೋಡ್:

ಸಾಲದು. ಹೇಳಲು ನನಗೂ ಸಂಕಟ ಆಗುತ್ತದೆ. ಜಿಐ ಅಂದರೆ ಇದು ಚನ್ನಪಟ್ಟಣದ್ದು ಅನ್ನುವ ಗುರುತು. ಮಗುವಿಗೆ ಸುರಕ್ಷಿತ ಅನ್ನುವ ಗುರುತು ಅಲ್ಲ. ಭಾರತದಲ್ಲಿ 2021ರಿಂದ ಆಟಿಕೆಗೆ ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಗುರುತು ಕಡ್ಡಾಯ ಆದಾಗ ಕೈಕಸುಬಿನವರಿಗೆ, ಜಿಐ ಬಳಕೆದಾರರಾಗಿ ನೋಂದಾಯಿಸಿದವರಿಗೆ ವಿನಾಯಿತಿ ಕೊಟ್ಟರು. ಅದನ್ನು ನೋಡಿ ನಮ್ಮ ಊರಿನವರು ಹೊರಗೂ ಹಾಗೇ ಇರುತ್ತದೆ ಅಂದುಕೊಳ್ಳುತ್ತಾರೆ. ಯುರೋಪಿನಲ್ಲಿ ಆ ವಿನಾಯಿತಿ ಇಲ್ಲ.

ಅಲ್ಲಿ ನೋಡುವುದು ಇಎನ್ 71 ಅನ್ನುವ ಮಾನದಂಡ. ಮೊದಲ ಭಾಗ ಆಕಾರ, ಗಟ್ಟಿತನ. ಚೂರು ಕಿತ್ತು ಬಂದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದಾ ಅಂತ. ಎರಡನೆಯದು ಬೆಂಕಿ ಹತ್ತುವುದು. ಮೂರನೆಯದು ಬಣ್ಣದಿಂದ ಸೀಸದಂಥ ವಸ್ತು ಹೊರಬರುತ್ತದಾ ಅಂತ. ಗಿಡಮೂಲದ ಬಣ್ಣ ಅಂತ ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಪ್ರಯೋಗಾಲಯದ ಕಾಗದ ಬೇಕು. ಮಾವನನ್ನು ಒಂದು ಮಾತು ಕೇಳಿ. ಎಲ್ಲ ಬಣ್ಣವೂ ಗಿಡಮೂಲದ್ದೇನಾ? ನಮ್ಮಲ್ಲಿ ತುಂಬಾ ಜನ ಹಳದಿಗೆ ಅರಿಶಿನ ಹಾಕುತ್ತಾರೆ, ಗುಲಾಬಿಗೋ ಹಸಿರಿಗೋ ಅಂಗಡಿಯ ಪುಡಿ ತರುತ್ತಾರೆ. ತಪ್ಪು ಅಂತ ಹೇಳುತ್ತಿಲ್ಲ. ಯಾವುದು ಯಾವುದು ಅಂತ ನಿಮಗೆ ಗೊತ್ತಿರಬೇಕು.

ಪರೀಕ್ಷೆಯಲ್ಲಿ ಖರ್ಚು ಏರುವುದು ಬಣ್ಣದ ಲೆಕ್ಕದಲ್ಲಿ. ಒಂದೊಂದು ಬಣ್ಣದ ಅರಗಿಗೂ ಬೇರೆ ಬೇರೆ ಪರೀಕ್ಷೆ. ನಾನು ಮೊದಲು 9 ಬಣ್ಣ ಇಟ್ಟುಕೊಂಡು ಕೂತಿದ್ದೆ, ಪ್ರಯೋಗಾಲಯದ ದರಪಟ್ಟಿ ನೋಡಿ 3ಕ್ಕೆ ಇಳಿಸಿದೆ. ಹಳದಿ, ಕೆಂಪು, ಮರದ ಬಣ್ಣ. ಅಂದಿನಿಂದ ಅರಗಿನ ಕಡ್ಡಿಯನ್ನು ಒಟ್ಟಿಗೆ ಕಾಯಿಸಿ ದಿನಾಂಕ ಬರೆದಿಡುತ್ತೇವೆ. ಪರೀಕ್ಷೆಗೆ ಹೋದ ಅರಗೇ ಮಾಲಿಗೂ ಹೋಗಬೇಕಲ್ವಾ?

ಮ್ಯೂನಿಕ್ ಅಕ್ಕ:

ಮೈಸೂರು ರೋಡ್ ಅಣ್ಣ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಸಿಇ ಗುರುತನ್ನು ಸರ್ಕಾರ ಕೊಡುವುದಿಲ್ಲ. ತಯಾರಿಸಿದವರೇ ಪರೀಕ್ಷೆಯ ವರದಿ ಇಟ್ಟುಕೊಂಡು, ನಾನು ಹೊಣೆ ಅಂತ ಸಹಿ ಹಾಕಿ ಒತ್ತುವುದು. ಒಳಗೆ ತಂದು ಮಾರುವವರು ಅದನ್ನೆಲ್ಲ ಪರಿಶೀಲಿಸಿ, ತಮ್ಮ ಹೆಸರು ವಿಳಾಸವನ್ನೂ ಗೊಂಬೆ ಮೇಲೋ ಡಬ್ಬಿ ಮೇಲೋ ಹಾಕಬೇಕು. ನಿಮ್ಮದೇ ಬ್ರ್ಯಾಂಡ್ ಹೆಸರು ಹಾಕಿ ಮಾರಿದರೆ ಕಾನೂನಿನ ಕಣ್ಣಲ್ಲಿ ನೀವೇ ತಯಾರಕರು. ಆಗ ಪೂರ್ತಿ ಹೊಣೆ ನಿಮ್ಮ ತಲೆ ಮೇಲೆ.

ಆಟದ ಸಾಮಾನು ಬಿಟ್ಟು ಶುರು ಮಾಡಿದರೆ ಹೇಗೆ? ಬಳೆ, ಪರದೆಯ ಗುಂಡಿ, ಮೇಣದಬತ್ತಿ ಸ್ಟ್ಯಾಂಡ್, ದೊಡ್ಡವರ ಮೇಜಿನ ಅಲಂಕಾರ. ಇವಕ್ಕೆ ಇಎನ್ 71 ಇಲ್ಲ. ಸಾಮಾನ್ಯ ಸುರಕ್ಷತೆಯ ನಿಯಮ ಇದೆ, 2024ರ ಡಿಸೆಂಬರ್ 13ರಿಂದ ಬಿಗಿ ಆಗಿದೆ. ಅದರ ಪ್ರಕಾರ ಯುರೋಪಿನೊಳಗೆ ಒಬ್ಬ ಹೊಣೆಗಾರ ಇರಬೇಕು, ಅದು ನೀವೇ ಆಗುತ್ತೀರಿ. ಚಮಚ, ಬಟ್ಟಲು ಬೇಡ, ಊಟಕ್ಕೆ ತಾಗುವುದಕ್ಕೆ ಬೇರೆ ನಿಯಮ. ಮತ್ತೆ, ಗಿಲಕಿಗೇ ‘ಅಲಂಕಾರದ ವಸ್ತು’ ಅಂತ ಚೀಟಿ ಅಂಟಿಸಿ ಮಾರಬೇಡಿ. ಮಗು ಆಡುವಂಥದ್ದು ಅಂತ ಕಂಡರೆ ಅದು ಆಟಿಕೆಯೇ, ಚೀಟಿ ಏನೇ ಹೇಳಲಿ.

ರಾರಿಟನ್ ಹೊಳೆ:

ನ್ಯೂಜೆರ್ಸಿಯಿಂದ. ಅಮೆರಿಕದಲ್ಲಿರುವವರು ಇದನ್ನೆಲ್ಲ ಓದಿ ಹಾಗೇ ಮಾಡಲು ಹೋಗಬೇಡಿ, ದಯವಿಟ್ಟು. ನಾನು ಎಚ್4 ವೀಸಾದಲ್ಲಿದ್ದೆ, ಅಂದರೆ ಎಚ್1ಬಿ ಕೆಲಸದ ವೀಸಾ ಇರುವವರ ಮನೆಯವರಿಗೆ ಕೊಡುವುದು. ಕೆಲಸದ ಅನುಮತಿ ಬಂದಿರಲಿಲ್ಲ. ದೀಪಾವಳಿ ಮೇಳದಲ್ಲಿ ಒಂದು ಮೇಜು ಹಾಕಿ ಊರಿನ ಹಣತೆ, ಗೊಂಬೆ ಮಾರಿದೆ. ಎರಡು ದಿನದಲ್ಲಿ ಎಲ್ಲ ಖಾಲಿ, ಎಷ್ಟು ಖುಷಿ ಆಗಿತ್ತು. ಆಮೇಲೆ ವಕೀಲರೊಬ್ಬರು, ‘ಅನುಮತಿ ಇಲ್ಲದೆ ಮಾಡಿದ ದುಡಿಮೆ ಇದು, ಮುಂದೆ ಗ್ರೀನ್ ಕಾರ್ಡ್‌ಗೇ ಕುತ್ತು’ ಅಂದರು. ಅವತ್ತಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಚ್1ಬಿ ಇರುವವರೂ ಆ ವೀಸಾದ ಕೆಲಸದ ಹೊರಗೆ ಸ್ವಂತ ವ್ಯಾಪಾರ ನಡೆಸುವ ಹಾಗಿಲ್ಲ.

ಈಗ ನನ್ನ ಅಮ್ಮನೇ ಊರಿಂದ ಮಾರುತ್ತಾರೆ, ಅವರ ಐಇಸಿ, ಅವರ ಖಾತೆ. ಗಿರಾಕಿಗಳು ನೇರವಾಗಿ ಅಮ್ಮನಿಗೆ ದುಡ್ಡು ಕಟ್ಟುತ್ತಾರೆ. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕ ಇಲ್ಲದಿದ್ದ ಕಾಲ 2025ರ ಆಗಸ್ಟ್ 29ಕ್ಕೆ ಮುಗಿಯಿತು. ನಮ್ಮ ಅಂಚೆ ಇಲಾಖೆ ಆಗ ಇಲ್ಲಿಗೆ ಪಾರ್ಸೆಲ್ ನಿಲ್ಲಿಸಿ, ಅಕ್ಟೋಬರ್ 15ಕ್ಕೆ ಮತ್ತೆ ಶುರು ಮಾಡಿತು. ಈಗ ಬುಕ್ ಮಾಡುವಾಗಲೇ ಸುಂಕ ಸೇರಿಸಿ ಕಟ್ಟಬೇಕು. ಆ ಮಧ್ಯದ ವಾರಗಳಲ್ಲಿ ದಸರಾ ಗೊಂಬೆಗೆ ಮುಂಗಡ ಕೊಟ್ಟವರಿಗೆಲ್ಲ ಅಮ್ಮ ಒಬ್ಬೊಬ್ಬರಿಗೂ ಫೋನ್ ಮಾಡಿ ದುಡ್ಡು ವಾಪಸ್ ಕೊಟ್ಟರು. ಮಕ್ಕಳ ಗೊಂಬೆಗೆ ಇಲ್ಲೂ ಪರೀಕ್ಷೆ ಇದೆ. ಬಣ್ಣದಲ್ಲಿ ಸೀಸ, ಚಿಕ್ಕ ಚೂರು, ಇವೆರಡನ್ನು ಯಾರೂ ತಪ್ಪಿಸಲು ಆಗುವುದಿಲ್ಲ.

ಬೀಟೆ ಮರ:

ಮೈಸೂರಿನವನು. ಇಷ್ಟೊಂದು ತಲೆನೋವು ಯಾಕೆ? ರಫ್ತು ವ್ಯಾಪಾರಿಗಳಿದ್ದಾರೆ, ಅವರಿಗೆ ಮಾರಿಬಿಡಿ. ಮಾವನ ಲೆಕ್ಕಕ್ಕೆ ಅದು ಊರೊಳಗಿನ ಮಾರಾಟ, ಐಇಸಿನೂ ಬೇಡ, ಕಸ್ಟಮ್ಸೂ ಬೇಡ. ನಾವು ಕೆತ್ತನೆ ಕೂರಿಸುವ ಕೆಲಸದವರು ಹಾಗೇ ಮಾಡುವುದು. ಬೀಟೆ ಮರಕ್ಕೆ ಅಂತರರಾಷ್ಟ್ರೀಯ ನಿರ್ಬಂಧ ಇರುವುದರಿಂದ ಮರ ಎಲ್ಲಿಂದ ಬಂತು ಅನ್ನುವುದಕ್ಕೆ ಕಾಗದ ತೋರಿಸಬೇಕು, ಅದನ್ನೆಲ್ಲ ವ್ಯಾಪಾರಿಯೇ ನೋಡಿಕೊಳ್ಳುತ್ತಾನೆ.

ಮೈಸೂರು ರೋಡ್:

ನಿಮ್ಮ ಮಾಲಿಗೆ ಅದೇ ಸರಿ ಇರಬಹುದು ಅಣ್ಣ. ಬೀಟೆ, ಗಂಧದ ಕೆಲಸವನ್ನು ಒಬ್ಬರೇ ಕಳಿಸಲು ಹೋಗುವುದು ಕಷ್ಟ, ಒಪ್ಪುತ್ತೇನೆ. ಆದರೆ ಆಲೆ ಮರದ ಕೆಲಸಕ್ಕೆ ನಾನು ಹಾಗೆ ಹೇಳಲಾರೆ. ನಾನು 11 ವರ್ಷ ವ್ಯಾಪಾರಿಗೆ ಕೊಟ್ಟವನು. ನನ್ನ ಅಪ್ಪ ಕಡೆದ ಗೊಂಬೆಯನ್ನು ಒಂದು ದಿನ ಹೊರದೇಶದ ಅಂಗಡಿಯ ವೆಬ್‌ಸೈಟ್‌ನಲ್ಲಿ ನೋಡಿದೆ. ಬೆಲೆ ಇತ್ತು, ‘ಭಾರತದ ಕೈಕೆಲಸ’ ಅಂತ ಇತ್ತು. ಚನ್ನಪಟ್ಟಣ ಅನ್ನುವ ಒಂದು ಪದ ಎಲ್ಲೂ ಇರಲಿಲ್ಲ. ಅಪ್ಪನಿಗೆ ಫೋನ್ ಕೊಟ್ಟು ತೋರಿಸಿದೆ. ಚಿತ್ರ ದೊಡ್ಡದು ಮಾಡಿ, ‘ಇದು ನನ್ನ ಉಳಿ ಗೀಟು’ ಅಂದರು. ಅಷ್ಟೇ ಅಂದಿದ್ದು. 500 ರೂಪಾಯಿ ಕಟ್ಟಿ ಐಇಸಿ ಮಾಡಿಸಿದ್ದು ಅದರ ಮುಂದಿನ ವಾರ.

ಈ ತಂಗಿಗೆ ಅಲ್ಲಿ ತನ್ನವರು ಅಂತ ಕೊಳ್ಳುವ ಜನ ಇದ್ದಾರೆ, ಇಲ್ಲಿ ಸ್ವಂತ ಮಾವ ಇದ್ದಾರೆ. ನಡುವೆ ಇನ್ನೊಬ್ಬ ಯಾಕೆ?

ಅಂಚೆ ಚೀಲ:

ನಾನು ಅಂಚೆ ಇಲಾಖೆಯಲ್ಲಿದ್ದೇನೆ, ಅದಕ್ಕೇ ಇದೊಂದು ಹೇಳುತ್ತೇನೆ. 2022ರಿಂದ ‘ಡಾಕ್ ಘರ್ ನಿರ್ಯಾತ್ ಕೇಂದ್ರ’, ಅಂದರೆ ಅಂಚೆ ಕಚೇರಿಯ ರಫ್ತು ಕೇಂದ್ರ ಅಂತ ಶುರುವಾಗಿದೆ. ದೇಶದಲ್ಲಿ ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿದೆ. ಮಾವ ಅದರ ಪೋರ್ಟಲ್‌ನಲ್ಲಿ ಐಇಸಿ ಹಾಕಿ ನೋಂದಾಯಿಸಿ, ಅಂಚೆ ರಫ್ತು ಪತ್ರವನ್ನು ಆನ್‌ಲೈನ್‌ನಲ್ಲೇ ತುಂಬಬಹುದು. ಮಾಲು ಹತ್ತಿರದ ಕೇಂದ್ರಕ್ಕೆ ಕೊಟ್ಟರೆ ಸಾಕು, ಕಸ್ಟಮ್ಸ್ ತಪಾಸಣೆ ವಿದೇಶಿ ಅಂಚೆ ಕಚೇರಿಯಲ್ಲಿ ಆಗುತ್ತದೆ. ಏಜೆಂಟ್ ಬೇಡ.

ಪಾರ್ಸೆಲ್ ಜೊತೆ ಸಿಎನ್23 ಅನ್ನುವ ಚೀಟಿ ಹೋಗುತ್ತದೆ. ಅದರಲ್ಲಿ ಚಿಕ್ಕ ಚೌಕಗಳಿವೆ. ಗಿಫ್ಟ್, ದಾಖಲೆ, ಮಾದರಿ, ಮಾರಾಟದ ಮಾಲು. ಮಾರಾಟದ ಮಾಲಿಗೆ ಗುರುತು ಹಾಕಿ. ‘ಟಾಯ್ಸ್’ ಅಂತಷ್ಟೇ ಬರೆದರೆ ಸಾಲದು. ಮರದ ಬಳೆ ಎಷ್ಟು, ತೂಕ ಎಷ್ಟು, ಒಂದರ ಬೆಲೆ ಎಷ್ಟು, ಮಾಲಿನ ಬಗೆ ಗುರುತಿಸುವ ಎಚ್‌ಎಸ್ ಸಂಖ್ಯೆ ಯಾವುದು, ಎಲ್ಲ ಬೇಕು. ಬಿಲ್ಲಿನಲ್ಲಿರುವ ಬೆಲೆ, ಚೀಟಿಯಲ್ಲಿರುವ ಬೆಲೆ, ಬ್ಯಾಂಕ್‌ಗೆ ಬಂದ ದುಡ್ಡು ಮೂರೂ ಒಂದೇ ಆಗಿರಲಿ. ನಾನು ನೋಡಿದ ಪಾರ್ಸೆಲ್ ತೊಂದರೆಗಳಲ್ಲಿ ಜಾಸ್ತಿ ಇದರಿಂದಲೇ.

ಒಳಗೆ ಭತ್ತದ ಹುಲ್ಲು ತುಂಬಬೇಡಿ. ನಮ್ಮ ಕಡೆ ಅಭ್ಯಾಸ ಅದು. ಗಿಡದ ಹುಲ್ಲು, ಹೊಟ್ಟು ಕಂಡರೆ ಆಸ್ಟ್ರೇಲಿಯಾದಂಥ ದೇಶಗಳು ಪೂರ್ತಿ ಡಬ್ಬಿಯನ್ನೇ ತಡೆಯುತ್ತವೆ. ಕಾಗದ ಉಂಡೆ ಮಾಡಿ ತುಂಬಿ.

ಕಿನ್ನಾಳ ಕಡೆಯವ:

ನಮಸ್ಕಾರ ರೀ. ನಮ್ಮದು ಕೊಪ್ಪಳದ ಕಿನ್ನಾಳ. ನಮ್ಮವ್ವ, ಅಣ್ಣ ಬಣ್ಣದ ದೇವರ ಮೂರ್ತಿ ಮಾಡುತ್ತಾರೆ. ನಮ್ಮದಕ್ಕೂ ಜಿಐ ಇದೆ. ಅಣ್ಣನ ಹತ್ತಿರ ಕುಶಲಕರ್ಮಿಗಳ ಪೆಹಚಾನ್ ಕಾರ್ಡ್ ಇದೆ. ಅದರ ಮೇಲೇ ರಫ್ತು ಮಾಡಬಹುದಾ? ಇಪಿಸಿಎಚ್ ಸದಸ್ಯರಾಗಲೇಬೇಕಾ?

ಲೆಕ್ಕದ ಪುಸ್ತಕ:

ಪೆಹಚಾನ್ ಕಾರ್ಡ್ ಕುಶಲಕರ್ಮಿ ಅನ್ನುವ ಗುರುತು. ಮೇಳಗಳಿಗೆ, ಯೋಜನೆಗಳಿಗೆ ಅದು ಬಹಳ ಉಪಯೋಗ. ರಫ್ತಿಗೆ ಮಾತ್ರ ಐಇಸಿ ಬೇಕೇಬೇಕು. ಇಪಿಸಿಎಚ್ ಅಂದರೆ ಕರಕುಶಲ ರಫ್ತು ಮಂಡಳಿ. ಸದಸ್ಯರಾಗದೆಯೂ ಪಾರ್ಸೆಲ್ ಕಳಿಸಬಹುದು. ರಫ್ತು ನೀತಿಯ ಸವಲತ್ತು ಬೇಕು, ಗ್ರೇಟರ್ ನೊಯಿಡಾದ ಮೇಳದಲ್ಲಿ ಮಳಿಗೆ ಬೇಕು ಅಂದಾಗ ಅದರ ಯೋಚನೆ ಮಾಡಿ.

ನೆಕ್ಕಾರ್ ದಂಡೆ:

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ.

ಮಾವನ ಐಇಸಿ ಅರ್ಜಿ ಹಾಕಿದ ದಿನವೇ ಬಂತು. ನನ್ನ ಕಾರ್ಡ್‌ನಲ್ಲಿ ಅಕ್ಕ ಹೇಳಿದ ಸಾಲು ಇತ್ತು, ಗೆವೆರ್ಬೆ ಆಯಿತು. ಬಣ್ಣದ ವಿಷಯ ಮಾವನನ್ನು ಕೇಳಿದೆ. ಮೊದಲು ಬೇಜಾರು ಮಾಡಿಕೊಂಡರು, ‘ನನ್ನ ಗೊಂಬೆ ಮೇಲೇ ಅನುಮಾನನಾ ಪುಟ್ಟಿ?’ ಅಂದರು. ನಾನು, ‘ಮಾವ, ಅನುಮಾನ ಇಲ್ಲ, ಅದನ್ನು ಇಲ್ಲಿಯವರಿಗೆ ಕಾಗದದಲ್ಲಿ ತೋರಿಸಬೇಕು’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಳದಿ, ಕೆಂಪು ತಮ್ಮದು, ಹಸಿರು ಅಂಗಡಿಯದು ಅಂತ ಹೇಳಿದರು. ಹಸಿರು ಬಿಟ್ಟೆವು.

ಗಿಲಕಿ ಸದ್ಯಕ್ಕೆ ಇಲ್ಲ. ಎರಡು ಬಣ್ಣದ ಅರಗು ಪರೀಕ್ಷೆಗೆ ಕೊಟ್ಟಿದ್ದೇವೆ, ವರದಿ ಬಂದ ಮೇಲೆ ಅದರ ಮಾತು. ಮೊದಲ ಡಬ್ಬಿಯಲ್ಲಿ 60 ಬಳೆ, 20 ಮೇಣದಬತ್ತಿ ಸ್ಟ್ಯಾಂಡ್. ಮಾರಾಟದ ಮಾಲು ಅಂತ ಗುರುತು ಹಾಕಿಯೇ ಬಂತು. ಸುಂಕ, ವ್ಯಾಟ್ ಕಟ್ಟಿ ಬಿಡಿಸಿಕೊಂಡೆ. ಕಿಂಡರ್‌ಗಾರ್ಟನ್ ತಾಯಂದಿರಿಗೆ ಗಿಲಕಿ ಯಾಕೆ ಬರಲಿಲ್ಲ ಅಂತ ನಿಜ ಹೇಳಿದೆ. ಕಾಯುತ್ತೇವೆ ಅಂದರು.

ಒಂದು ಅನುಮಾನ ಉಳಿದಿದೆ. ಬಳೆಯ ಡಬ್ಬಿ ಮೇಲೆ ನನ್ನ ವಿಳಾಸದ ಜೊತೆ ಮಾವನ ಹೆಸರು, ಊರು ಕನ್ನಡದಲ್ಲೂ ಹಾಕಿಸಬೇಕು ಅಂತ ಆಸೆ. ಹಾಕಬಹುದಾ?

ಮ್ಯೂನಿಕ್ ಅಕ್ಕ:

ಧಾರಾಳವಾಗಿ ಹಾಕಿ. ತಯಾರಕರ ಹೆಸರು, ವಿಳಾಸ ಹೇಗೂ ಬೇಕೇಬೇಕು. ಅದು ಇಲ್ಲಿಯವರು ಓದುವ ಅಕ್ಷರದಲ್ಲಿ ಇರಲಿ, ಅದರ ಕೆಳಗೆ ಕನ್ನಡದಲ್ಲಿ. ಎಚ್ಚರಿಕೆಯ ಮಾತು ಏನಾದರೂ ಇದ್ದರೆ ಜರ್ಮನ್‌ನಲ್ಲಿ ಇರಬೇಕು. ಅಚ್ಚು ಹಾಕಿಸುವ ಮೊದಲು ಮಾದರಿ ಇಲ್ಲಿ ಹಾಕಿ, ಎಲ್ಲರೂ ಒಮ್ಮೆ ನೋಡುತ್ತೇವೆ.